ಎಲುಬಿಲ್ಲದ ಬಾಡು

ಬಿ.ಪಿ. ನೋಡೋ ಕೆಲಸದಲ್ಲಿ ಇರೋರು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ರವಿಕೆ ತೋಳು ಸರಿಸಿಕೊಂಡು ಎದುರಿಗೆ ಬಂದು ಕೂರುತ್ತೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಿರಿಯೂರಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಊರೋರ ಬಿ.ಪಿ. ಎಲ್ಲಾ ಇಳಿಸಿದೆ, ನಮ್ಮತ್ತೆದೊಂದು ಇಳಿಸೋದರೊಳಗೆ ನನ್ನದೇ ಏರಿತು.

೧. ಹಗಲ ಬೆಳದಿಂಗಳು

ಅತ್ತೆ ಯಲ್ಲದಕೆರೆಯಿಂದ ನಮ್ಮ ಮನೆಗೆ ಬಂದಾಗ ಎರಡೂ ಕಣ್ಣಿಗೆ ಪೊರೆ. ಹಿತ್ತಿಲ ಬೇವಿನ ನೆರಳಲ್ಲಿ ಕೂತು, "ಹಗಲೆಲ್ಲ ಬೆಳದಿಂಗಳಾಗೆ ಇದ್ದಂಗೈತೆ ಕಣೇ. ಜನ ಎಲ್ಲ ತೇಲ್ಕಂಡು ಹೋಗ್ತಾರೆ" ಅನ್ನೋರು. ಕೇಳ್ತಾ ಕೂತರೆ ನನಗೂ ರಸ್ತೆ, ಎಮ್ಮೆ, ಒಣಹಾಕಿದ ಸೀರೆ ಎಲ್ಲಾ ಮೆಲ್ಲಗೆ ತೇಲಿದಂತೆ ಕಾಣೋದು. ಆದರೆ ವರ್ಷ ತುಂಬಿದ ನನ್ನ ಮಗಳ ಮುಖವನ್ನ ಅವರು ಕೈಯಲ್ಲಿ ಸವರಿದ್ದರೇ ಹೊರತು ಕಣ್ಣಲ್ಲಿ ನೋಡಿರಲಿಲ್ಲ.

ದುರ್ಗದ ಆಸ್ಪತ್ರೆಯೋರು ತೋಳಿಗೆ ಪಟ್ಟಿ ಕಟ್ಟಿ ನೋಡಿ, "ಬಿ.ಪಿ. ಇಳೀದೆ ಕಣ್ಣಿನ ಆಪರೇಷನ್ ಇಲ್ಲ" ಅಂತ ವಾಪಸ್ ಕಳಿಸಿದರು. ಬಸ್ಸಲ್ಲಿ ಅತ್ತೆ ಕೇಳಿದರು: "ಕಾಣ್ದಿರೋದು ಕಣ್ಣು. ಅವ್ರು ತೋಳು ಯಾಕೆ ಹಿಚುಕಿದ್ರೇ?"

೨. ತುಂಡು ಮುಟ್ಟಿಲ್ಲ

ನಮ್ಮ ಡಾಕ್ಟ್ರು ಮಾತ್ರೆ ಬರೆದು ಹೇಳಿದರು: "ಅಜ್ಜಿ, ಉಪ್ಪು ಕಮ್ಮಿ ಮಾಡ್ರಿ. ಬಾಡೊಂದನ್ನೇ ನೆಚ್ಚಿಕೋಬ್ಯಾಡ್ರಿ. ಹುರುಳಿ, ಅಲಸಂದೆ, ಬೇಳೆ, ಮೊಟ್ಟೆ, ಮೀನು, ಹಾಲು, ಎಲ್ಲಾದ್ರಾಗೂ ಸ್ವಲ್ಪ ಸ್ವಲ್ಪ ತಿನ್ರಿ. ಪ್ರೋಟೀನು ಹತ್ತು ಕಡೆಯಿಂದ ಬರ್ಲಿ."

ಅತ್ತೆ ತಲೆಯಾಡಿಸಿದರು. ಮುಂದಿನ ವಾರ ಬಿ.ಪಿ. ಇನ್ನೂ ಮೇಲೆ! ಆ ವಾರ ಪಕ್ಕದ ಮನೇಲಿ ಬಾಡೂಟ ಇತ್ತು ಅನ್ನೋದು ಡಾಕ್ಟ್ರ ಕಿವಿಗೂ ಬಿತ್ತು.

"ತುಂಡು ಮುಟ್ಟಿಲ್ಲ ಕಣಪ್ಪ, ದೇವ್ರಾಣೆ," ಅಂದರು ಅತ್ತೆ.

"ಮತ್ತೇನು ಉಂಡ್ರಿ?"

"ಮುದ್ದೆ."

"ಮುದ್ದೆಗೆ?"

"ಸಾರು, ನಾಕು ಸೌಟು. ಬಾಡು ಬ್ಯಾಡ ಅಂದ್ರಿ. ಬಾಡು ಬೆಂದಿದ್ ನೀರಿಗೇನು?"

೩. ಸಾಹೇಬ್ರ ಧಾರಾಳ

ಕಾಳಿನ ಸಾರು ಮಾಡಿದರೆ ಅತ್ತೆ ಅರ್ಧ ಮುದ್ದೆಗೇ ಎದ್ದುಬಿಡೋರು. ಒಂದು ಭಾನುವಾರ ನನಗೆ ಕಳ್ಳಬುದ್ಧಿ ಬಂತು. ಅಂಗಡಿಯಿಂದ ಒಣಗಿದ ಸೋಯಾ ಉಂಡೆ ತಂದು, ನೆನೆಸಿ, ಹಿಂಡಿ, ಬಾಡಿನ ಮಸಾಲೆ ಅರೆದು, ಚಿಟಿಕೆ ಉಪ್ಪಲ್ಲಿ ಬೇಯಿಸಿದೆ. ಮನೆಯೆಲ್ಲ ಘಮ್ ಅಂತು. ಅತ್ತೆ ಎರಡು ಮುದ್ದೆ ಇಳಿಸಿ ತಟ್ಟೆ ತಡಕಿದರು.

"ಎಲುಬೇ ಇಲ್ವಲ್ಲೇ?"

"ಬಾಡಿನಂಗಡಿ ಸಾಹೇಬ್ರು ನಿಮ್ಮ ಹಲ್ಲು ನೆನೆದು ಬರೀ ಮೆತ್ತನೇದೇ ಕೊಟ್ಟವ್ರೆ ಅತ್ತೆ."

"ಬದುಕ್ಲಿ ಪುಣ್ಯಾತ್ಮ! ಅವ್ನ ಮಕ್ಳುಮರಿ ತಣ್ಣಗಿರ್ಲಿ."

ಆಮೇಲೆ ಪ್ರತಿ ಭಾನುವಾರವೂ ಇದೇ ಹರಕೆ. ಮಾರದೇ ಇರೋ ಬಾಡಿಗೆ ಇಷ್ಟು ಆಶೀರ್ವಾದ ಗಳಿಸಿದೋರು ಹಿರಿಯೂರಲ್ಲಿ ಆ ಸಾಹೇಬ್ರೊಬ್ಬರೇ ಇರಬೇಕು.

೪. ಇನ್ನೊಂದು ಕಣ್ಣು

ಉಳಿದ ದಿನದ ಕಾಳು, ಮೊಟ್ಟೆ, ಮಜ್ಜಿಗೆ, ಮಾತ್ರೆ ಎಲ್ಲಾ ಸೇರಿ ಮೂರು ತಿಂಗಳಿಗೆ ಬಿ.ಪಿ. ದಾರಿಗೆ ಬಂತು. ದುರ್ಗದಲ್ಲಿ ಬಲಗಣ್ಣಿನ ಆಪರೇಷನ್ ಆಯ್ತು. ಪಟ್ಟಿ ಬಿಚ್ಚಿದ ಬೆಳಿಗ್ಗೆ ಅತ್ತೆ ಮೊಮ್ಮಗಳನ್ನ ನೋಡಿದರು, ನೋಡ್ತಾನೇ ಇದ್ದರು. "ಅಯ್ಯೋ ನನ್ನವ್ವ, ಕೆನ್ನೆ ಮ್ಯಾಲೆ ಮಚ್ಚೆ ಐತೆ! ನನ್ ಕೈಗೆ ಸಿಕ್ಕೇ ಇರ್ಲಿಲ್ಲ." ನನಗೆ ಅಳು ತಡೆಯೋಕಾಗಲಿಲ್ಲ.

ಸ್ವಲ್ಪ ದಿನ ಕಳೀತು. "ಆ ಸಾಹೇಬ್ರಿಗೆ ಕೈಮುಗಿದು ಬರಾಣ ನಡಿ" ಅಂತ ಹಟ ಹಿಡಿದರು. ಬಿಸಿಲು ಅಂದೆ, ಧೂಳು ಅಂದೆ, ಕೇಳಲಿಲ್ಲ. ಅಂಗಡಿ ಮುಂದೆ ಅತ್ತೆ ಕೈ ಎತ್ತೋದರೊಳಗೆ ಸಾಹೇಬ್ರೇ ಅಂದರು: "ಏನಜ್ಜಿ, ನಮ್ ಅಂಗಡಿ ಮರ್ತೇಬಿಟ್ರಲ್ಲ? ನಿಮ್ ಮನೆಯೋರು ಇತ್ಲಾಗೆ ಬಂದು ಮೂರು ತಿಂಗ್ಳಾತು!"

ಹೊಸ ಕಣ್ಣು ಸೀದಾ ನನ್ನ ಕಡೆ ತಿರುಗಿತು. ಅಲ್ಲೇ ನಿಂತು ಸೋಯಾ ಕಥೆ ಎಲ್ಲಾ ಒಪ್ಪಿಕೊಂಡೆ. ಅತ್ತೆ ತೂಗುಹಾಕಿದ ಬಾಡನ್ನೊಂದು ಸಲ, ನನ್ನ ಕಂಕುಳಲ್ಲಿದ್ದ ಮಗುವನ್ನೊಂದು ಸಲ ನೋಡಿದರು.

"ಎಡಗಣ್ಣು ಇನ್ನೂ ಬಾಕಿ ಐತಲ್ಲೇ?"

"ಹೂಂ ಅತ್ತೆ."

"ಹಂಗಾರೆ ನಡಿ, ಆ ಸುಳ್ಳು ಬಾಡನ್ನೇ ಮಾಡು. ಉಣ್ಣೋವಾಗ ಈ ಕಣ್ಣು ಮುಚ್ಕಂತೀನಿ."