ಬರೀ ಮೈದಾ ಐತ್ರಿ, ಗೋಧಿ ಇಲ್ಲ

ಹೊಟ್ಟೆ ಉಳಿಯಬೇಕಾದರೆ ಗೋಧಿ ಬಿಡು ಎಂದು ಡಾಕ್ಟರು ಹೇಳಿದ ದಿನವೇ ನಾನು ಗೋಧಿ ಬಿಟ್ಟೆ. ಗೋಧಿ ಮಾತ್ರ ನನ್ನನ್ನು ಬಿಡಲೊಲ್ಲದು, ದಿನಕ್ಕೊಂದು ವೇಷ ಹಾಕಿಕೊಂಡು ಎದುರಿಗೆ ಬರುತ್ತದೆ.

ನನ್ನದು ಹಾಲು ಹಿಂಡುವ ಯಂತ್ರ ರಿಪೇರಿ ಮಾಡುವ ಕೆಲಸ. ಚಿಕ್ಕೋಡಿಯ ಮನೆ ಬಿಟ್ಟರೆ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಬೈಕಿನ ಮೇಲೆ ತಿರುಗಾಟ. ಡಬ್ಬಿಯ ರೊಟ್ಟಿ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಕೆಲಸ ಸಂಜೆಯಾದರೂ ಮುಗಿಯುವುದಿಲ್ಲ. ಹೊರಗೆ ತಿಂದಾಗ ಚೂರು ಗೋಧಿ ಒಳಗೆ ಹೋದರೂ ಹಾಸಿಗೆ ಹಿಡಿಯುತ್ತೇನೆ. ಹೀಗೆ ಮೇಲಿಂದ ಮೇಲೆ ಆದಾಗ ಹೆಂಡತಿ ಖಡಕ್ಕಾಗಿ ಹೇಳಿಬಿಟ್ಟಳು: "ಇನ್ನೊಂದ್ಸಲ ಮಲಗಿದ್ರ ಈ ತಿರುಗಾಟ ಬಂದ್. ನಮ್ಮಣ್ಣನ ಗೊಬ್ಬರದ ಅಂಗಡ್ಯಾಗ ಕುಂಡರ್ರಿ."

ಅವಳ ಅಣ್ಣನ ಕೈಕೆಳಗೆ ಯೂರಿಯಾ ತೂಗುವ ಮನುಷ್ಯ ನಾನಲ್ಲ. ಕೆಲಸವನ್ನೂ ಬಿಡುವುದಿಲ್ಲ, ಮಲಗುವುದೂ ಇಲ್ಲ ಎಂದು ಹಟ ತೊಟ್ಟೆ.

ಬಣ್ಣದ ಮಾತು

ನಿಪ್ಪಾಣಿಯಲ್ಲಿ ಒಂದು ಗೋಬಿ ಗಾಡಿ. "ಗೋಬಿಗೆ ಗೋಧಿ ಹಾಕತೀರೇನ್ರಿ?" ಅಂದೆ.

"ಛೇ, ಗೋಧಿ ನಮ್ಮ ಗಾಡಿ ಹತ್ತಿರಾನೂ ಬರಂಗಿಲ್ರಿ. ಬರೀ ಮೈದಾ."

"ಮೈದಾ ಅಂದ್ರ ಗೋಧೀನ ಅಲ್ಲೇನು?"

ಗಾಡಿಯವನಿಗೆ ನನ್ನ ಮೇಲೆ ಕನಿಕರ ಬಂತು. ಒಂದು ಮುಷ್ಟಿ ಮೈದಾ ತಂದು ನನ್ನ ಮೂಗಿನ ಕೆಳಗೆ ಹಿಡಿದ. "ನೋಡ್ರಿ, ಎಷ್ಟು ಬೆಳ್ಳಗ ಐತಿ."

ಹಿಟ್ಟು ಹಚ್ಚದೆ ಬರೀ ಗೋಬಿಯನ್ನೇ ಹುರಿದು ಕೊಡು ಅಂದೆ. ಹುರಿದ, ಮೇಲೆ ಸೋಯಾ ಸಾಸ್ ಸುರಿದ. ಬಾಟಲಿ ಇಸಿದುಕೊಂಡು ಸಣ್ಣ ಅಕ್ಷರ ಓದಿದರೆ ಅದರಲ್ಲೂ ಗೋಧಿ. ತೋರಿಸಿದೆ. ಈಗ ಅವನಿಗೆ ಸಿಟ್ಟು ಬಂತು.

"ಗೋಧಿ ಕೆಂಪಗ, ಮೈದಾ ಬೆಳ್ಳಗ, ಸಾಸ್ ಕರ್ರಗ. ಎಲ್ಲಾ ಒಂದ ಅಂದ್ರ ಹ್ಯಾಂಗ್ರಿ?"

ಮಾವನ ಜಿಲೇಬಿ

ರಾಯಬಾಗದಲ್ಲಿ ಮಿರ್ಚಿ ಭಜಿ ಅಂಗಡಿ. ಕಡಲೆ ಹಿಟ್ಟು ಬಿಟ್ಟು ಬೇರೇನೂ ಇಲ್ಲ ಎಂದು ಅಂಗಡಿಯವನು ಆಣೆ ಮಾಡಿದ. ನನಗೆ ಖುಷಿಯೋ ಖುಷಿ. ಅಷ್ಟರಲ್ಲಿ ಅದೇ ಕಡಾಯಿಯಿಂದ ಸಮೋಸಾ ಎದ್ದು ಬಂತು.

"ಸಮೋಸಾ ಕರಿದ ಎಣ್ಣಿ ನನಗ ನಡಿಯಂಗಿಲ್ಲ," ಅಂದೆ.

"ಸಮೋಸಾ ತಗದ ಮ್ಯಾಲ ಭಜಿ ಬಿಡತೀನ್ರಿ. ಅದೇನು ಅಲ್ಲೇ ಕುಂತಿರತೈತೇನು?"

ಬ್ಯಾನಿ ಐತಿ, ಡಾಕ್ಟರ್ ಬ್ಯಾಡ ಅಂದಾರ ಎಂದು ವಿವರಿಸಿದ್ದೇ ತಪ್ಪಾಯಿತು. ಅಲ್ಲಿ ನಿಂತವರೆಲ್ಲ ಡಾಕ್ಟರಾದರು. ಭಜಿ ತಿನ್ನುತ್ತಿದ್ದ ಒಬ್ಬರು ಧೈರ್ಯ ಹೇಳಿದರು: "ಚೂರಿಗೆ ಏನೂ ಆಗಂಗಿಲ್ರಿ. ನಮ್ಮ ಮಾವಗ ಸಕ್ರಿ ಬ್ಯಾನಿ ಇತ್ತು, ದಿನಾ ಜಿಲೇಬಿ ತಿಂತಿದ್ದ."

"ಈಗ ಹ್ಯಾಂಗದಾರ?"

"ತೀರಿಕೊಂಡ. ಆದ್ರ ಜಿಲೇಬಿಯಿಂದ ಅಲ್ರಿ."

ಕಠಿಣ ವ್ರತ

ಸದಲಗಾದ ಒಂದು ಖಾನಾವಳಿಯಲ್ಲಿ ನನಗೆ ಜ್ಞಾನೋದಯವಾಯಿತು. ಪಕ್ಕದ ಮೇಜಿಗೆ ಜೈನ ಹಿರಿಯರೊಬ್ಬರು ಬಂದು, "ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಬ್ಯಾಡಪಾ, ಹೊತ್ತು ಮುಳುಗೂದ್ರೊಳಗ ಉಣಬೇಕು" ಅಂದರು. ಅಡುಗೆಯವನು ಚಕಾರ ಎತ್ತದೆ ಕಡಾಯಿ ತಿಕ್ಕಿ ಬೇರೆ ಅಡುಗೆಗೆ ನಿಂತ. ಬೇನೆ ಅಂದರೆ ಉಪದೇಶ, ವ್ರತ ಅಂದರೆ ತೊಳೆದ ಕಡಾಯಿ. ನಾನೂ ಕೈ ಮುಗಿದೆ.

"ನಂದೂ ವ್ರತ ಐತ್ರಿ. ಗೋಧಿ, ಮೈದಾ, ರವಾ ಸೋಂಕೂ ಆಗಬಾರ್ದು. ಇಂಗಿನ್ಯಾಗೂ ಗೋಧಿ ಹಿಟ್ಟು ಬೆರಸಿರತಾರ, ಅದೂ ಬ್ಯಾಡ."

"ಇಂಗೂ ಬಿಟ್ಟೀರಿ? ಎಷ್ಟು ದಿನದ ವ್ರತರೀ?"

"ಜೀವ ಇರೋತನ."

ಹೊಸ ಎಣ್ಣೆ, ತೊಳೆದ ತವೆ, ಬೇರೆ ಸೌಟು. ಹೊಟ್ಟೆ ತುಂಬಿ ಕಣ್ಣಲ್ಲಿ ನೀರು ಬಂತು. ಕೈ ತೊಳೆದು ಬರುವಷ್ಟರಲ್ಲಿ ಅಡುಗೆಯವನು ಬಾಗಿಲಲ್ಲಿ ನನ್ನ ಕಾಲಿಗೆ ಬಿದ್ದ.

"ಮಗಳಿಗಿ ಲಗ್ನ ಯಾವಾಗ ಕೂಡಿ ಬರತೈತಿ, ಒಂದ್ಸಲ ನೋಡಿ ಹೇಳ್ರಿ."

ಹುಗ್ಗಿ

ವ್ರತದ ಸುದ್ದಿ ನನ್ನ ಬೈಕಿಗಿಂತ ಜೋರಾಗಿ ಓಡಿ ಅಥಣಿ ಕಡೆಯ ಅನಂತಪುರ ಮುಟ್ಟಿತ್ತು. ಅಲ್ಲಿಯ ರೈತರೊಬ್ಬರ ಮನೆಯಲ್ಲಿ ಯಂತ್ರ ಕೆಟ್ಟು, ಕೊಟ್ಟಿಗೆ ತುಂಬ ಇದ್ದ ಎಮ್ಮೆಗಳನ್ನೆಲ್ಲ ಮಗನೇ ಕೈಯಿಂದ ಹಿಂಡುತ್ತಿದ್ದ. ಪಾಪ, ಬೆರಳು ಮಡಚಲಾಗದೆ ಚಹಾದ ಕಪ್ಪನ್ನು ಎರಡೂ ಅಂಗೈಯಲ್ಲಿ ಹಿಡಿದಿದ್ದ.

ಯಂತ್ರ ಬಿಚ್ಚಿ, ಭಾಗಗಳನ್ನೆಲ್ಲ ತೊಳೆದು ಒಣಗಲು ಹರವಿದೆ. ಊಟಕ್ಕೆ ಕರೆದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು, ಎಲ್ಲವೂ ಮಡಿಯಲ್ಲಿ. ಕೊನೆಗೆ ಮನೆಯ ಅಜ್ಜಿ ತುಂಬಿದ ಬಟ್ಟಲು ತಂದು ಮುಂದಿಟ್ಟಳು. ಗೋಧಿ ಹುಗ್ಗಿ, ಮೇಲೆ ತುಪ್ಪ.

"ಅಜ್ಜಿ, ನನಗ ಗೋಧಿ ವ್ರತ..."

"ಗೊತ್ತೈತಿ ತಮ್ಮಾ. ಇಂಥಾ ವ್ರತದಾವ್ರು ಮನಿಗಿ ಬಂದಾರಂತನ ದೇವರಿಗೆ ನೈವೇದ್ಯ ಮಾಡೀನಿ. ಪ್ರಸಾದಕ್ಕ ವ್ರತ ಅಡ್ಡ ಬರಂಗಿಲ್ಲ."

ಮನೆಮಂದಿಯೆಲ್ಲ ನನ್ನ ಬಾಯಿ ನೋಡುತ್ತ ನಿಂತರು. ನನ್ನ ಕಣ್ಣ ಮುಂದೆ ಹೆಂಡತಿಯ ಅಣ್ಣನ ಯೂರಿಯಾ ಚೀಲಗಳು ಬಂದವು. ಇನ್ನು ನಿಜ ಹೇಳುವುದೇ ಗತಿ.

"ಅಜ್ಜಿ, ತಪ್ಪಾತು. ಇದು ವ್ರತ ಅಲ್ಲ, ಬ್ಯಾನಿ."

ಅಜ್ಜಿ ಒಳಗೆ ಹೋಗಿ ಪಾತ್ರೆಯನ್ನೇ ತಂದಳು. "ಬ್ಯಾನಿ ಅಂತ ಮೊದಲ ಹೇಳಬಾರ್ದ? ಪ್ರಸಾದಕ್ಕಿಂತ ದೊಡ್ಡ ಔಷಧ ಯಾವುದೈತಿ?" ಎಂದು ಇನ್ನೊಂದು ಸೌಟು ಬಡಿಸಿದಳು.

ಬೇನೆಯೂ ನಡೆಯಲಿಲ್ಲ, ವ್ರತವೂ ನಡೆಯಲಿಲ್ಲ. ನಾನು ಬಟ್ಟಲು ಕೈಗೆತ್ತಿಕೊಂಡು, ಅಜ್ಜಿಯನ್ನು ಬಿಟ್ಟು ಮಗನನ್ನು ನೋಡಿದೆ.

"ತಿಂತೀನ್ರಿ. ಆದ್ರ ಇದು ತಿಂದ ಮ್ಯಾಲ ನಾನು ಮಲಗತೀನಿ. ಯಂತ್ರ ಅಲ್ಲಿ ಬಿಚ್ಚಿದ್ದು ಬಿಚ್ಚಿದಾಂಗ ಐತಿ. ಸಂಜೀಕ ಎಮ್ಮಿ ಮತ್ತ ನೀವ ಹಿಂಡಬೇಕಾಗತೈತಿ."

ಬೆರಳು ಮಡಚಲಾಗದ ಆ ಮನುಷ್ಯ ನನ್ನ ಕೈಯಿಂದ ಬಟ್ಟಲು ಕಸಿದುಕೊಂಡು, ನಿಂತಲ್ಲೇ ಅಷ್ಟೂ ಹುಗ್ಗಿ ತಿಂದು ಮುಗಿಸಿದ.

ಈಗ ಯಾವ ಊರಿಗೆ ಹೋದರೂ ನನ್ನದು ಒಂದೇ ನೇಮ. ಮೊದಲು ಯಂತ್ರ ಬಿಚ್ಚಿಡುತ್ತೇನೆ, ಆಮೇಲೆ ಊಟಕ್ಕೆ ಕೂರುತ್ತೇನೆ.