ಟೈಗರ್‌ನ ಸೊಂಟಕ್ಕೊಂದು ರ‍್ಯಾಂಪು

ಕೀಲು ಎಂದರೇನು? ಎರಡು ಭಾಗ, ನಡುವೆ ಒಂದಿಷ್ಟು ಜಿಡ್ಡು, ತಿರುಗಲು ಜಾಗ. ಪೀಣ್ಯದ ಮಷಿನ್ ಶಾಪಿನಲ್ಲಿ ಮೂವತ್ತು ವರ್ಷ ಬೇರಿಂಗು ಬಿಚ್ಚಿ ಜೋಡಿಸಿದವನಿಗೆ ಒಂದು ನಾಯಿಯ ಕೀಲು ಯಾವ ಲೆಕ್ಕ? ನಮ್ಮ ಟೈಗರ್ ಹಿಂಗಾಲು ಎಳೆಯತೊಡಗಿದಾಗ ನನಗೆ ಗಾಬರಿಯಾಗಲಿಲ್ಲ. ಮನೆಯಲ್ಲಿ ರಿಪೇರಿಗೆ ಏನೂ ಸಿಗದೆ ಬಹಳ ದಿನವಾಗಿತ್ತು. ಸ್ವಲ್ಪ ಖುಷಿಯೇ ಆಯಿತು ಎಂದರೂ ಸುಳ್ಳಲ್ಲ.

ಟೈಗರ್‌ಗೆ ಹದಿಮೂರು ವರ್ಷ. ಹೆಸರು ಹುಲಿಯದ್ದಾದರೂ ಬೆಕ್ಕು ಕಂಡರೆ ರಸ್ತೆ ದಾಟಿ ಹೋಗುವ ಸಜ್ಜನ. ರಾಜಗೋಪಾಲನಗರದ ನಮ್ಮ ಮನೆ ಮೊದಲ ಮಹಡಿಯಲ್ಲಿದೆ. ಹೊರಗಿನಿಂದ ಹದಿನೆಂಟು ಮೆಟ್ಟಿಲು. ನಾನು ಕೆಲಸಕ್ಕೆ ಹೊರಟರೆ ಗೇಟಿನವರೆಗೆ ಇಳಿದು ಬೀಳ್ಕೊಡುತ್ತಾನೆ. ಸಂಜೆ ಬೈಕಿನ ಸದ್ದಿಗೆ ಮತ್ತೆ ಇಳಿದು ಬಂದು, ನನ್ನ ಹಿಂದೆಯೇ ಹತ್ತುತ್ತಾನೆ. ಮಲಗುವುದು ನನ್ನ ಮಂಚದ ಕೆಳಗೆ.

ಹೆಂಡತಿ ಗಿರಿಜಾಳ ಒತ್ತಾಯಕ್ಕೆ ಪಶುವೈದ್ಯೆಯ ಹತ್ತಿರ ಹೋದೆವು. ಆಕೆ ಸೊಂಟ, ಮಂಡಿ ಎಲ್ಲ ಮೆಲ್ಲಗೆ ಒತ್ತಿ ನೋಡಿದರು.

"ಸವೆದಿದೆ ಸಾರ್. ಎರಡು ವರ್ಷದಿಂದ್ಲಾದ್ರೂ ನೋವಿರ್ಬೇಕು."

"ಒಂದಿನಾನೂ ಕುಂಯ್ ಅಂದಿಲ್ವಲ್ಲ ಮೇಡಂ."

"ಅವು ಹೇಳ್ಕೊಳಲ್ಲ. ತಡ್ಕೋತವೆ. ಮಾತ್ರೆ ಬರ್ಕೊಡ್ತೀನಿ, ತೂಕ ಇಳಿಸಿ. ಜಾರೋ ನೆಲ ಬೇಡ, ಮ್ಯಾಟ್ ಹಾಕಿ. ಮೆಟ್ಟಿಲು ಮಾತ್ರ ಪೂರ್ತಿ ಬಂದ್."

ನಾನು ದಂಗಾಗಿ ಹೋದೆ. ಒಂದು ಕುರು ಎದ್ದರೆ ಮೂರು ದಿನ ರಜೆ ಹಾಕುವವನು ನಾನು. ಈ ಪ್ರಾಣಿ ಎರಡು ವರ್ಷ, ದಿನಕ್ಕೆರಡು ಸಲ, ಸವೆದ ಸೊಂಟ ಹೊತ್ತು ಹದಿನೆಂಟು ಮೆಟ್ಟಿಲು ಹತ್ತಿಳಿದಿದೆ. ಬಾಲ ಬೇರೆ ಅಲ್ಲಾಡಿಸಿಕೊಂಡು!

ಆದರೆ ಮೆಟ್ಟಿಲು ಬಂದ್ ಎಂದರೆ ಬದುಕುವುದು ಹೇಗೆ? ಕೆಳಗೆ ಬಿಟ್ಟರೆ ಮೊದಲ ಮೆಟ್ಟಿಲಿಗೆ ಗದ್ದವಿಟ್ಟು ಊಳಿಡುತ್ತಾನೆ. ಮೇಲೆ ಕೂಡಿಹಾಕಿದರೆ ಕಾಲೆತ್ತಲು ಜಾಗವಿಲ್ಲ. ಮೂವತ್ತು ಕಿಲೋ ಟೈಗರನ್ನು ಒಂದು ವಾರ ಎತ್ತಿ ಹತ್ತಿಸಿದೆ, ಇಳಿಸಿದೆ. ಎಂಟನೆಯ ದಿನ ನಮ್ಮಿಬ್ಬರ ನಡಿಗೆಯೂ ಒಂದೇ ಥರ ಆಗಿತ್ತು. ಈ ಮುಪ್ಪಿನಲ್ಲಿ ಅವನನ್ನು ನಮ್ಮಿಂದ ದೂರ ಇಡುವುದಂತೂ ನನ್ನಿಂದ ಆಗದ ಮಾತು.

ಆಗ ರ‍್ಯಾಂಪಿನ ಯೋಜನೆ ಉದಯಿಸಿತು. ವೆಲ್ಡಿಂಗ್ ಶಾಪಿನ ಸಲೀಂ ಭಾಯ್ ನನ್ನ ಹಳೆಯ ಗೆಳೆಯ. ನಕ್ಷೆ ಕೊಟ್ಟೆ: ಮೆಟ್ಟಿಲ ಅಗಲದ ಅರ್ಧಕ್ಕೆ, ಮೇಲಿನಿಂದ ಕೆಳಗಿನವರೆಗೆ ಉಕ್ಕಿನ ಹಲಗೆ, ಉಳಿದರ್ಧ ಮನುಷ್ಯರಿಗೆ. ಪಾದಕ್ಕೆ ಚುಚ್ಚಬಾರದೆಂದು ತಗಡು ಕನ್ನಡಿಯಂತೆ ನಯವಾಗಿರಲಿ ಎಂದು ನಾನೇ ಆಜ್ಞಾಪಿಸಿದೆ. ಎರಡು ಕ್ವಿಂಟಲ್ ತೂಗಿತು.

"ಲಾರಿ ಹತ್ತಿದ್ರೂ ಬಗ್ಗಲ್ಲ ಸಾರ್," ಎಂದರು ಸಲೀಂ ಭಾಯ್, ಕೂರಿಸಿ ಮುಗಿಸಿ.

ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಅಲ್ರೀ, ಮೆಟ್ಟಿಲೆಷ್ಟು ಕಡಿದಾಗಿದೆಯೋ ಇದೂ ಅಷ್ಟೇ ಕಡಿದಲ್ವಾ?"

ಈ ಅಂಶ ನನ್ನ ಮೂವತ್ತು ವರ್ಷದ ಅನುಭವಕ್ಕೆ ಹೊಳೆದಿರಲಿಲ್ಲ. "ನಿಂಗಿದೆಲ್ಲ ಅರ್ಥ ಆಗಲ್ಲ ಬಿಡು," ಎಂದೆ.

ಇನ್ನು ಉದ್ಘಾಟನೆ. ಪೀಣ್ಯದಲ್ಲಿ ಪೂಜೆಯಿಲ್ಲದೆ ಯಾವ ಮಷಿನ್ನೂ ಸ್ವಿಚ್ ಆನ್ ಆಗುವುದಿಲ್ಲ. ಭಾನುವಾರ ಬೆಳಗ್ಗೆ ರ‍್ಯಾಂಪಿಗೆ ಮಾವಿನೆಲೆ, ಚೆಂಡುಹೂವು, ವಿಭೂತಿ. ಟೈಗರ್‌ಗೂ ಹಣೆಗೆ ಕುಂಕುಮ. ಕೊನೆಗೆ, ದೃಷ್ಟಿಯಾಗದಿರಲೆಂದು, ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ನೀವಾಳಿಸಿ ಒಡೆದೆ. ಎಲ್ಲಿ? ರ‍್ಯಾಂಪಿನ ನೆತ್ತಿಯ ಮೇಲೆ!

ಟೈಗರ್ ಮೇಲೆ ನಿಂತು ಒಮ್ಮೆ ತಗಡನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ, ಕುಳಿತುಬಿಟ್ಟ. ಬಿಸ್ಕತ್ತು ತೋರಿಸಿದೆ. ಮುಖ ತಿರುಗಿಸಿದ.

ಎದುರುಮನೆಯ ನಂಜಪ್ಪನವರು ಗೇಟಿಗೊರಗಿ ಕೇಳಿದರು, "ಜಾರುಬಂಡೆನಾ ಸಾರ್? ಮೊಮ್ಮಕ್ಕಳು ಬರ್ತಾರಾ?"

"ನಾಯಿಗೆ ಕಣ್ರೀ. ಅದಕ್ಕೆ ಅಭ್ಯಾಸ ಇಲ್ಲ, ಒಂದ್ಸಲ ತೋರಿಸ್ಬೇಕು ಅಷ್ಟೇ," ಎಂದವನೇ ಪಂಚೆ ಎತ್ತಿಕಟ್ಟಿ ನಾಲ್ಕು ಕಾಲಿನ ಮೇಲೆ ನಿಂತೆ. ಬಲಗೈ ಮುಂದಿಟ್ಟೆ. ಕುಂಬಳಕಾಯಿ ತಿರುಳಿನ ಮೇಲೆ ಇಟ್ಟೆ.

ಮುಂದಿನದನ್ನು ನಾನು ಪೂರ್ತಿ ನೋಡಿಲ್ಲ. ಹೊಟ್ಟೆಯ ಮೇಲೆ ಹೊರಟೆ, ಅರ್ಧ ದಾರಿಯಲ್ಲಿ ದಿಕ್ಕು ಬದಲಾಯಿತು, ಕಾಲು ಗೇಟಿಗೆ ಹೋಗಿ ಬಡಿಯಿತು. ಪಂಚೆ ಅರ್ಧದಲ್ಲೇ ಉಳಿಯಿತು. ಯಾರೋ ಮೊಬೈಲು ಹಿಡಿದಿದ್ದರು. ರ‍್ಯಾಂಪು ಮಾತ್ರ ಬಗ್ಗಲಿಲ್ಲ.

ಆಗ ಮೇಲಿನಿಂದ ಉಗುರಿನ ಸದ್ದು ಕೇಳಿತು. ಟೈಗರ್ ಇಳಿಯುತ್ತಿದ್ದ. ತಗಡಿನ ಮೇಲಲ್ಲ, ಪಕ್ಕದ ಮೆಟ್ಟಿಲ ಮೇಲೆ. "ಬೇಡ ಕಣೋ, ಅಲ್ಲೇ ಇರು," ಎಂದೆ. ಹದಿಮೂರು ವರ್ಷದಲ್ಲಿ ಅವನು ನನ್ನ ಮಾತು ಮೀರಿದ್ದು ಅದೊಂದೇ ಸಲ. ಒಂದು ಮೆಟ್ಟಿಲು, ನಿಲ್ಲುವುದು, ಹಿಂಗಾಲು ನಡುಗುವುದು, ಇನ್ನೊಂದು ಮೆಟ್ಟಿಲು. ಹದಿನೆಂಟೂ ಇಳಿದು ಬಂದು ನನ್ನ ಹಣೆ ನೆಕ್ಕಿ, ಪಕ್ಕದಲ್ಲಿ ದೊಪ್ಪನೆ ಮಲಗಿದ. ನಾನು ಅತ್ತದ್ದು ಕಾಲಿನ ನೋವಿಗೆ ಎಂದು ನಂಜಪ್ಪನವರು ಈಗಲೂ ನಂಬಿದ್ದಾರೆ. ನಂಬಲಿ.

ನನ್ನ ಪಾದದ ಗಂಟಿನ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿದ ಡಾಕ್ಟರು ಹೇಳಿದರು, "ಆರು ವಾರ ಮೆಟ್ಟಿಲು ಬಂದ್."

ಆಸ್ಪತ್ರೆಯಿಂದ ಬರುವಷ್ಟರಲ್ಲಿ ಗಿರಿಜಾ ಕೆಳಗಿನ ಕೋಣೆಯನ್ನು ಖಾಲಿ ಮಾಡಿಸಿದ್ದಳು. ನನ್ನ ಹಳೆಯ ನಟ್ಟು, ಬೋಲ್ಟು, ಮೋಟಾರುಗಳಿಗೆಂದು ಹದಿನೈದು ವರ್ಷದಿಂದ ಬೀಗ ಹಾಕಿಟ್ಟಿದ್ದ ಕೋಣೆ. ಒಂದು ಮಂಚ, ನೆಲದ ತುಂಬ ರಬ್ಬರ್ ಮ್ಯಾಟು.

"ಇದನ್ನ ಮೊದಲೇ ಹೇಳ್ಬಾರ್ದಾಗಿತ್ತಾ?" ಎಂದೆ.

"ನಂಗೆ ಇದೆಲ್ಲ ಅರ್ಥ ಆಗಲ್ವಲ್ಲ," ಎಂದಳು.

ಅವಳು ಬೆಳಗ್ಗೆ ಎರಡು ಮಾತ್ರೆ ತರುತ್ತಾಳೆ. ಟೈಗರ್ ತನ್ನದನ್ನು ರಾಗಿಮುದ್ದೆಯ ಜೊತೆ ಸದ್ದಿಲ್ಲದೆ ನುಂಗುತ್ತಾನೆ. ನನಗೆ ಎರಡು ಸಲ ಹೇಳಬೇಕು. ತೂಕ ಅವನದು ಇಳಿದಿದೆ, ನನ್ನದು ಏರಿದೆ.

ಪ್ಲಾಸ್ಟರ್ ಬಿಚ್ಚಿ ಎರಡು ತಿಂಗಳಾಯಿತು. ಮೇಲೆ ಹೋಗೋಣವೆಂದು ಒಂದು ದಿನ ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಹಿಂದೆ ಟೈಗರ್ ಏಳಲು ಮುಂಗಾಲು ಊರುತ್ತಿದ್ದ. ವಾಪಸ್ಸು ಬಂದು ಮಂಚದ ಮೇಲೆ ಕೂತೆ. ಅವನೂ ಮಲಗಿದ. ಅಷ್ಟು ವರ್ಷ ಅವನು ಹತ್ತಿದ್ದು ಮನೆ ಮೇಲಿದೆ ಎಂದಲ್ಲ, ನಾನು ಹತ್ತುತ್ತಿದ್ದೆ ಎಂದು. ನಾನು ಮಾಡಬೇಕಾಗಿದ್ದ ಚಿಕಿತ್ಸೆ ಇಷ್ಟೇ: ಹತ್ತದೆ ಇರುವುದು. ಇದು ಹೊಳೆಯಲು ನನ್ನಂಥ ಬುದ್ಧಿವಂತನಿಗೆ ಎರಡು ಕ್ವಿಂಟಲ್ ಕಬ್ಬಿಣ, ಒಂದು ಕುಂಬಳಕಾಯಿ ಮತ್ತು ಒಂದು ಮೂಳೆ ಖರ್ಚಾಯಿತು.