ಸೊಟ್ಟ ಗೀಟು

ಎಲ್ಲಕ್ಕೂ ಕಾರಣ ಅರ್ಧ ಬಕೀಟು ಸುಣ್ಣ.

ದೇವಲಾಪುರದಾಚೆಯ ಕುರುಚಲು ಕಾಡಿನ ಗುಡ್ಡದ ನಕ್ಷೆ ಮಾಡಲು ಸರ್ವೆ ಶಿವಶಂಕರ ಡ್ರೋನು ಹೊತ್ತು ಬಂದಿದ್ದ. ನಾಳೆ ಕೆ.ಆರ್. ಪೇಟೆಯಲ್ಲಿ ಅವನದೇ ನಿಶ್ಚಿತಾರ್ಥ. 'ಗುಡ್ಡ ಮುಗಿಸದೆ ರಜೆ ಕೇಳ್ಬೇಡ' ಎಂದು ಸಾಹೇಬರು ಖಡಾಖಂಡಿತವಾಗಿ ಹೇಳಿದ್ದರು. ಬೆಳಿಗ್ಗೆಯೇ ಬಂಡೆಗಳ ಮೇಲೆ ಅಲ್ಲಲ್ಲಿ ಸುಣ್ಣದಲ್ಲಿ ಅಡ್ಡ ಒಂದು, ಉದ್ದ ಒಂದು ಗೀಟೆಳೆದು, ಆ ಜಾಗಗಳನ್ನೆಲ್ಲ ಯಂತ್ರದಲ್ಲಿ ಅಳೆದಿಟ್ಟ. ಡ್ರೋನಿನ ಫೋಟೋದಲ್ಲಿ ಅಳೆದ ಜಾಗದಲ್ಲೇ ಆ ಗುರುತು ಕಂಡರಷ್ಟೇ ನಕ್ಷೆ ಸರಿಯಾಗಿ ಕೂರುವುದು.

ಜೀಪಿಗೆ ಹೋಗಿ ಡ್ರೋನು ತರುವಷ್ಟರಲ್ಲಿ ಗುರುತೇ ಮಾಯ. ಬಂಡೆ ತುಂಬ ಸಗಣಿ ನೀರು. ದನ ಮೇಯಿಸಲು ಬಂದಿದ್ದ ಜಯಲಕ್ಷ್ಮಮ್ಮ ಪೊರಕೆ ಹಿಡಿದು ನಿಂತಿದ್ದಳು.

"ಯಾಕಮ್ಮಾ ಅಳಿಸಿದ್ರಿ?"

"ಯಾವನೋ ಮಾಟ ಮಾಡ್ಬುಟ್ಟವ್ನೆ ಕಣಪ್ಪ. ದನ ತಿರುಗೋ ಜಾಗ, ಸುಮ್ಕಿರಕ್ಕಾಯ್ತದಾ?"

"ಬರ್ದಿದ್ದು ನಾನೇ ಕಣಮ್ಮ."

ಆಕೆ ಪೊರಕೆ ಮೇಲೆತ್ತಿದಳು. "ಯಾರ್ ಮ್ಯಾಲ್ಲಾ ಮಾಡ್ಸಿದ್ದು?"

ನಕ್ಷೆ ಎಂದರೇನು ಎಂದು ಹೇಳಿ ಹೇಳಿ ಶಿವಶಂಕರನ ಗಂಟಲು ಒಣಗಿತು. ಅಷ್ಟರಲ್ಲಿ ಬಂದ ಆಕೆಯ ಗಂಡ ಜವರಯ್ಯ, "ಗುಡ್ಡ ಇಲ್ಲೇ ಐತಲ್ಲ, ಎಲ್ಲೋದಾತು ಅಂತ ಬರ್ಕತೀಯ?" ಎಂದ. ಕೊನೆಗೆ ಶಿವಶಂಕರ ನಿಶ್ಚಿತಾರ್ಥದ ಸಂಕಟ ತೋಡಿಕೊಂಡ. ಜಯಲಕ್ಷ್ಮಮ್ಮನ ಕರುಳು ಚುರುಕ್ಕೆಂದಿತು.

"ಮೊದ್ಲೇ ಯೋಳ್ಬಾರ್ದಾ? ಬರ್ಕೊ ಹೋಗು. ಆಮ್ಯಾಕ್ ಮನೆಗ್ ಬಾ, ಮದ್ವೆ ಗಂಡು ಹಸ್ಕೊಂಡಿರಬಾರ್ದು."

ಮತ್ತೆ ಗುಡ್ಡ ಹತ್ತಿ, ಮತ್ತೆ ಬರೆದು, ಮತ್ತೆ ಅಳೆಯುವಷ್ಟರಲ್ಲಿ ಅವನ ಸೊಂಟ ಬಿದ್ದುಹೋಗಿತ್ತು. ಮನೆಯಲ್ಲಿ ಅವನು ಬೇಡ ಬೇಡ ಅಂದರೂ ಜವರಯ್ಯ ಇನ್ನೊಂದು ಮುದ್ದೆ ಹಾಕಿದ. ಬಡಿಸಬೇಕಾದ ಜಯಲಕ್ಷ್ಮಮ್ಮ ಮಾತ್ರ ಎಲ್ಲೂ ಕಾಣಲಿಲ್ಲ.

ಸಂಜೆ ಡ್ರೋನು ಹಾರಿತು, ಇಳಿಯಿತು, ಬ್ಯಾಟರಿ ಮುಗಿಯಿತು. ಶಿವಶಂಕರ ಜೀಪಿನಲ್ಲಿ ಕೂತು ಫೋಟೋ ತೆರೆದ. ಗುಡ್ಡದ ತುಂಬ ಗೀಟುಗಳು. ಕೆಲವಕ್ಕೆ ಸುತ್ತ ರಂಗೋಲಿ ಬೇರೆ.

"ಯಾರಮ್ಮಾ ಇದನ್ನೆಲ್ಲ ಬರೆದೋರು?" ಎಂದು ಜೀಪಿನ ಪಕ್ಕ ಬಂದು ನಿಂತಿದ್ದ ಜಯಲಕ್ಷ್ಮಮ್ಮನನ್ನು ಕೇಳಿದ, ಅಳು ಬರುವ ಹಾಗಾಗಿತ್ತು.

"ನಾವೇ ಕಣಪ್ಪ, ಬೀದಿ ಹೆಂಗಸರೆಲ್ಲ ಸೇರ್ಕಂಡು. ಅಷ್ಟು ದೊಡ್ಡ ಗುಡ್ಡಕ್ಕೆ ಮೂರ್ನಾಕು ಸಾಕಾಯ್ತದಾ?"

"ಇರ್ಲಿ, ಇದ್ರಲ್ಲಿ ನಾನು ಬರ್ದಿದ್ದು ಯಾವ್ದು ತೋರ್ಸಿ."

"ನಿಂದು ಸೊಟ್ಟಗಿದ್ದೋ. ಶುಭಕಾರ್ಯದ ಕೆಲ್ಸ ಅಂದ್ಬುಟ್ಟು ಎಲ್ಲಾನೂ ಅಳಿಸಿ, ಪಕ್ಕದ ಬಂಡೆ ಮ್ಯಾಲೆ ನೆಟ್ಟಗೆ ಬರ್ದೀವಿ."

ಹೊತ್ತು ಮುಳುಗುತ್ತಿತ್ತು. ಶಿವಶಂಕರ ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡ. ಫೋನು ಹೊಡೆದುಕೊಂಡಿತು. ಅರ್ಪಿತ, ನಾಳೆಯ ಹುಡುಗಿ. ಅವನು 'ಹಲೋ' ಅನ್ನುವಷ್ಟರಲ್ಲಿ ಜಯಲಕ್ಷ್ಮಮ್ಮನೇ ಫೋನು ಇಸ್ಕೊಂಡಳು.

"ಏನೂ ಯೋಚ್ನೆ ಮಾಡ್ಬ್ಯಾಡ ಕಣವ್ವ, ಎಲ್ಲಾ ಮುಗೀತು. ನಾವೇ ನಿಂತು ಮುಗಿಸ್ಕೊಟ್ಟೋ."